ಗಣಿತಕ್ಕೆ ಒಬ್ಬರು ಕಡಿಮೆ

ಏಪ್ರಿಲ್ 14

ಈ ದಿನಚರಿಯನ್ನು ಮುಟ್ಟಿ ಪ್ರಮಾಣ ಮಾಡಿ ಒಪ್ಪಿಕೊಳ್ಳುತ್ತೇನೆ: ಇವತ್ತು ಬೆಳಿಗ್ಗೆ ಮಾಧ್ಯಮ ವಿಭಾಗದ ಮೇಜಿನಿಂದ ಒಂದು ನೀಲಿ ಮಾರ್ಕರ್ ಕದ್ದೆ. ಅವರ ಹತ್ತಿರ ಡಬ್ಬಿಗಟ್ಟಲೆ ಇವೆ. ನಮಗೆ ಸೀಮೆಸುಣ್ಣ, ಅದೂ ತುಂಡು. ಪಶ್ಚಾತ್ತಾಪವಿಲ್ಲ. ದೇವರು ಆಗಲೇ ಶಿಕ್ಷಿಸಿದ್ದಾನೆ — ಮಾರ್ಕರ್ ಒಣಗಿತ್ತು.

ಡೀನ್ ಕರೆಸಿದ್ದರು. ಗಣಿತ ಪದವಿಗೆ ಈ ಸಲ ಹತ್ತು ಜನ ಸೇರದಿದ್ದರೆ ಮೊದಲ ವರ್ಷದ ತರಗತಿಯೇ ಇಲ್ಲವಂತೆ. ನಾನು ಮಾಧ್ಯಮದ ಹುಡುಗರಿಗೆ ಶೇಕಡಾವಾರು ಲೆಕ್ಕ ಹೇಳಿಕೊಂಡು ಇರಬೇಕಂತೆ. ಅವರದು ಸಮೂಹ, ನಮ್ಮದು ಶೂನ್ಯ ಗಣ ಎಂದೆ. ಡೀನ್ ನಗಲಿಲ್ಲ. ನನಗೂ ನಗಲು ತ್ರಾಣವಿರಲಿಲ್ಲ.

ವಸಂತ ಬಂತೆಂದರೆ ಮೇಷ್ಟರುಗಳೆಲ್ಲ ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳನ್ನು ಒಲಿಸಿಕೊಂಡು ಬರಬೇಕು. ನನ್ನ ಪಾಲಿಗೆ ಬೆಟ್ಟದ ಮೇಲಿನ ಅತ್-ಬಾಶಿ ಕಡೆಯ ಹಳ್ಳಿಗಳು. ಜೊತೆಗೆ ಮಾಧ್ಯಮದ ಮೇಡಂ ಬುರುಲ್ಚಾ — ಮಾರ್ಕರಿನ ಒಡತಿ.

ಏಪ್ರಿಲ್ 22, ಸಂಜೆ

ಒಂಬತ್ತು ಹೆಸರು ಸಿಕ್ಕಿವೆ. ವ್ಯಾನಿನ ಕುಲುಕಿಗೆ ಸೊಂಟ ಹೋಯಿತು. ಬುರುಲ್ಚಾ ಫೋನ್ ಎತ್ತಿ ಹಿಡಿದರೆ ಮಕ್ಕಳು ಮುತ್ತಿಕೊಳ್ಳುತ್ತವೆ. ನಾನು ಬೋರ್ಡಿನ ಕಡೆ ತಿರುಗಿದರೆ ಅವು ಕಿಟಕಿಯ ಕಡೆ ತಿರುಗುತ್ತವೆ.

ಗಣಿತ ನಿಮಗೆ ಹೇಗೆ ಗಂಟುಬಿತ್ತು ಎಂದು ದಾರಿಯಲ್ಲಿ ಕೆಣಕಿದಳು.

"ಗಂಟುಬಿದ್ದಿದ್ದಲ್ಲಮ್ಮ, ನಾನೇ ಕಟ್ಕೊಂಡಿದ್ದು. ಇನ್ನೊಂದು ವಿಭಾಗದ ಹೊಸ್ತಿಲೂ ತುಳಿದವನಲ್ಲ ನಾನು."

"ನಮ್ಮ ಹೊಸ್ತಿಲು ತುಳಿದಿದ್ದೀರಲ್ಲ, ತೊಲೊಗೊನ್ ಮೇಷ್ಟ್ರೇ. ಮಾರ್ಕರ್ ಜೇಬಿಂದ ಇಣುಕ್ತಿದೆ."

ಏಪ್ರಿಲ್ 23

ಕನಿಷಾಯ್. ಕುದುರೆ ಸಾಕುವ ಶಾರ್ಶೆನ್‌ನ ಮಗಳು, ಈ ವರ್ಷ ಶಾಲೆ ಮುಗಿಸುತ್ತಾಳೆ. ಕೊಟ್ಟ ಲೆಕ್ಕ ಬಿಡಿಸಿ, ಇನ್ನೊಂದು ಕೊಡಿ ಎಂದಳು. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಯಾರೂ ಇನ್ನೊಂದು ಕೇಳಿರಲಿಲ್ಲ. ಗಣಿತಕ್ಕೇ ಬರುತ್ತೇನೆ, ಅಪ್ಪನನ್ನು ಒಪ್ಪಿಸಿ ಎಂದಳು. ಹತ್ತಾಯಿತು!

ಅಪ್ಪ ಕುರಿ ಕೊಯ್ದ. ದೊಡ್ಡ ಅತಿಥಿಗೆಂದು ಬೇಯಿಸಿದ ತಲೆ ನನ್ನ ಮುಂದೆ ಬಂತು. ಕಿವಿ ಕೊಯ್ದು ಕನಿಷಾಯ್‌ಗೆ ಕೊಟ್ಟೆ, ಹಿರಿಯರ ಮಾತು ಕೇಳುವ ಕಿವಿಯಾಗಲಿ ಅಂತ. ಕೊನೆಗೆ ಶಾರ್ಶೆನ್, "ಮೇಷ್ಟ್ರೇ, ಹುಡುಗೀನ ಹರಸಿ. ನಿಮ್ಮ ಬಾಯಲ್ಲಿ ಏನು ಬರತ್ತೋ ಅದೇ ಆಗಲಿ ಅವಳು," ಎಂದ.

ಅಂಗೈ ತೆರೆದೆ. ಹೊಟ್ಟೆ ಭಾರ, ಕಣ್ಣು ಎಳೆಯುತ್ತಿತ್ತು. ನಾಲಿಗೆ ತಾನೇ ಹೊರಟಿತು — "ನಿನ್ನ ಮುಖ ನಾಡಿಗೆಲ್ಲ ಕಾಣಲಿ. ನಿನ್ನ ದನಿ ಮನೆಮನೆಗೂ ಮುಟ್ಟಲಿ."

ಓಮಿಯಿನ್, ಹಾಗೇ ಆಗಲಿ ಎಂದು ಎಲ್ಲರೂ ಮುಖ ಸವರಿಕೊಂಡರು. ಬುರುಲ್ಚಾ ಮಾತ್ರ ಮುಖದ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಆಕಳಿಕೆ ಇರಬೇಕು ಅಂದುಕೊಂಡೆ.

ಜೂನ್ 9

ವಾರವೆಲ್ಲ ಬಾಯಿಪರೀಕ್ಷೆ. ಪ್ರಶ್ನೆಯ ಚೀಟಿ ಎತ್ತು, ಬೆವರು, ಹೇಳು. ಅದೃಷ್ಟಕ್ಕೆಂದು ಬೂಟಿನೊಳಗೆ ನಾಣ್ಯ ಇಟ್ಟುಕೊಂಡು ಒಬ್ಬ ಕುಂಟುತ್ತ ಬಂದ. ಕುಂಟುತ್ತಲೇ ಪಾಸಾದ. ಕೇಳುವವನಿಗೂ ಸುಸ್ತು.

ಜುಲೈ 19

ಪಟ್ಟಿ ಬಂತು. ಗಣಿತಕ್ಕೆ ಒಂಬತ್ತು. ಕನಿಷಾಯ್ ಹೆಸರು ಮಾಧ್ಯಮದಲ್ಲಿದೆ.

ಶಾರ್ಶೆನ್‌ಗೆ ಫೋನ್ ಮಾಡಿದೆ. ಮಗಳು ಎರಡು ದಿನ ಊಟ ಬಿಟ್ಟಳಂತೆ, ಗಣಿತವೇ ಬೇಕೆಂದು. ಇವನೇ ಒಪ್ಪಲಿಲ್ಲ.

"ನೀವೇ ಹೇಳಿದ್ರಲ್ಲ ಮೇಷ್ಟ್ರೇ, ಮುಖ ನಾಡಿಗೆಲ್ಲ ಕಾಣಲಿ ಅಂತ. ಗಣಿತ ಓದಿದ್ರೆ ಯಾರಿಗೆ ಕಾಣತ್ತೆ? ನಿಮ್ಮ ಮುಖ ನಾನು ಅವತ್ತೇ ಮೊದ್ಲು ನೋಡಿದ್ದು."

ಇನ್ನೊಮ್ಮೆ ಬಂದು ಬೇರೆ ಥರ ಹರಸುತ್ತೇನೆ ಎಂದೆ.

"ಹರಕೆ ಏನು ನಿಮ್ಮ ಬೋರ್ಡಾ ಮೇಷ್ಟ್ರೇ, ಒರೆಸಿ ಬರೆಯೋಕೆ?"

ಕಿವಿ ತಿಂದವಳು. ಹಿರಿಯರ ಮಾತು ಕೇಳಿದಳು.

ಉಳಿದ ಒಂಬತ್ತು ಮಂದಿಗೆ ಬೇರೆ ವಿಭಾಗ ಹುಡುಕಿಕೊಳ್ಳಲು ಡೀನ್ ಹೇಳಿದ್ದಾರೆ. ಕನಿಷಾಯ್ ಸೆಪ್ಟೆಂಬರಿನಿಂದ ನನ್ನ ಶೇಕಡಾವಾರು ತರಗತಿಯಲ್ಲಿ ಕೂರುತ್ತಾಳೆ. ಇನ್ನೊಂದು ಕೊಡಿ ಅನ್ನುತ್ತಾಳೆ. ಏನು ಕೊಡಲಿ...

ಜುಲೈ 20

ಬುರುಲ್ಚಾ ಬಂದು ಮೇಜಿನ ಮೇಲೆ ಒಂದು ಡಬ್ಬಿ ಹೊಸ ಮಾರ್ಕರ್ ಇಟ್ಟಳು. ಕೆಣಕಲಿಲ್ಲ. ಅದೇ ಹೆಚ್ಚು ನೋಯಿಸಿತು. ಬಾಗಿಲ ಹತ್ತಿರ ನಿಂತು, ಆ ಹರಕೆಯ ಮಾತು ನಿಮಗೆ ಎಲ್ಲಿಂದ ಬಂತು ಎಂದು ಕೇಳಿದಳು. ಸುಮ್ಮನೆ ಬಾಯಿಗೆ ಬಂತು ಎಂದೆ.

ಸುಳ್ಳು. ಅದು ಅಜ್ಜಿಯ ಮಾತು. ನನ್ನ ಹದಿನೇಳನೇ ವಯಸ್ಸಿನಲ್ಲಿ ತಲೆಯ ಮೇಲೆ ಅಂಗೈ ತೆರೆದು ಹೇಳಿದ್ದು. ಅವತ್ತು ನಾನು ಹೊರಟಿದ್ದು ಪತ್ರಿಕೋದ್ಯಮದ ಪ್ರವೇಶ ಪರೀಕ್ಷೆಗೆ. ಮೈಕಿನ ಮುಂದೆ ವಾರ್ತೆ ಓದಲು ಹೇಳಿದರು. ದನಿ ಮನೆಮನೆಗಿರಲಿ, ಎದುರಿನ ಮೇಜಿಗೂ ಮುಟ್ಟಲಿಲ್ಲ. ಆ ವರ್ಷವೂ ಗಣಿತಕ್ಕೆ ಒಬ್ಬರು ಕಡಿಮೆ ಬಿದ್ದಿದ್ದರು. ಕಾರಿಡಾರಿನಲ್ಲಿ ಅಳುತ್ತ ಕೂತಿದ್ದವನ ತೋಳು ಹಿಡಿದು ಯಾರೋ ಗಣಿತದ ಕೋಣೆಗೆ ಕರೆದೊಯ್ದರು.