ಒಂದರಲ್ಲೇ ತೂಗಿಸುವ ಗಂಡು

ಮಗಳ ಅಪ್ಪನವರಿಗೆ ನಮಸ್ಕಾರ.

ಇಬ್ಬರ ಕೆಲಸ ಒಬ್ಬನಿಂದ ಆಗದು, ಕೂಡಲೇ ಹೊರಟು ಬಾ ಎಂದು ಬರೆದಿದ್ದೀರಿ. ಮಗಳ ಮುರಿದ ಕೈಯ ಪ್ಲಾಸ್ಟರ್ ತೆಗೆಯಲು ಇನ್ನೂ ಮೂರು ವಾರವಿದೆ. ಅಲ್ಲಿಯವರೆಗೆ ಇವಳ ತಲೆ ಬಾಚುವುದೂ ನಾನೇ, ಇವಳ ಪ್ರಯೋಗಾಲಯದಲ್ಲಿ ನೊಣದ ಸೀಸೆಗಳ ಮುಚ್ಚಳ ತೆಗೆಯುವುದೂ ನಾನೇ.

ನಿನ್ನೆ ಸೂಕ್ಷ್ಮದರ್ಶಕದಲ್ಲಿ ಹಣ್ಣಿನ ನೊಣದ ಮೊಟ್ಟೆ ತೋರಿಸಿದಳು. ನೋಡಲು ಥೇಟ್ ಅಕ್ಕಿಕಾಳು. ಒಳಗಿನ ಭ್ರೂಣ ಹೆಣ್ಣಾದರೆ ಅದಕ್ಕೆ ಎರಡು ಎಕ್ಸ್ ವರ್ಣತಂತು, ಗಂಡಾದರೆ ಒಂದೇ ಅಂತೆ.

"ಪಾಪ, ಒಂದರಲ್ಲೇ ಹೇಗೆ ತೂಗಿಸುತ್ತೆ?" ಎಂದೆ.

"ಆ ಒಂದನ್ನೇ ಎರಡರಷ್ಟು ದುಡಿಸುತ್ತೆ ಅಮ್ಮಾ. ಹೆಣ್ಣಿಗೆ ಸರಿಸಮ ಆಗುತ್ತೆ."

"ಗೊಣಗಲ್ವಾ?"

"ಗೊಣಗೋಕೆ ಬಾಯೇ ಇನ್ನೂ ಮೂಡಿರಲ್ಲ."

"ದುಡಿಸದೇ ಇದ್ರೆ?"

"ಗಂಡು ಉಳಿಯಲ್ಲ."

ಹೆದರಿಸಲು ಬರೆದದ್ದಲ್ಲ, ಅವಳು ಹೇಳಿದ್ದನ್ನು ಹಾಗೇ ತಿಳಿಸಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಕುಕ್ಕರಿನ ಹೊಸ ಗ್ಯಾಸ್ಕೆಟ್ ಬೇಳೆ ಡಬ್ಬಿಯ ಹಿಂದಿದೆ. ಒಬ್ಬರಿಗೆ ಅರ್ಧ ಲೋಟ ಅಕ್ಕಿ ಸಾಕು. ಅದೊಂದನ್ನು ಮಾತ್ರ ಎರಡರಷ್ಟು ಮಾಡಬೇಡಿ.

ಕಾರ್ಡು ತುಂಬಿತು.

ಮಗಳ ಅಮ್ಮ