ಬಾಳೆ ಬುಡದ ಇರುವೆ

ರಂಗ,

ಡಿಕಾಕ್ಷನ್ ಬೇಕೆಂತಲೇ ಇಳಿಸಿಲ್ಲ, ಹುಡುಕಬೇಡ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ.

ಸಕ್ಕರೆ ಕಾಯಿಲೆಯವರಿಗೆ ವಯಸ್ಸಾಗುತ್ತಾ ಮೊದಲು ಪಾದ ಮರಗಟ್ಟುತ್ತದೆ, ಆಮೇಲೆ ಕಣ್ಣು ಮಂಜಾಗುತ್ತದೆ ಎಂದು ಡಾಕ್ಟರು ಹೇಳಿದ್ದೇ ಹೇಳಿದ್ದು, ದಿನಾ ಬೆಳಿಗ್ಗೆ ನೀನು ನನ್ನ ಕಾಲಿಗೆ ಪೊರಕೆ ಕಡ್ಡಿ ಚುಚ್ಚುವುದೇನು, ಸೂಜಿಗೆ ದಾರ ಪೋಣಿಸು ಅನ್ನುವುದೇನು. ವಿ.ಸಿ. ಫಾರಂನಲ್ಲಿ ಕಬ್ಬಿನ ಇಳುವರಿ ಅಂದಾಜು ಮಾಡುವವನು, ಸರಿ. ಹೆತ್ತವಳು ಇನ್ನೆಷ್ಟು ದಿನ ಓಡಾಡುತ್ತಾಳೆ ಅಂತ ಅಂದಾಜು ಮಾಡಲು ನಾನೇನು ನಿನ್ನ ಗದ್ದೆಯ ಕಬ್ಬೇ? ನಿನ್ನೆ ನಿನ್ನ ಹೆಂಡತಿಗೆ, "ಇನ್ಮೇಲೆ ಅಮ್ಮನ್ನ ಒಲೆ ಹತ್ರ ಬಿಡ್ಬೇಡ ಕಣೇ" ಅಂದದ್ದೂ ಕೇಳಿಸಿತು. ಕಿವಿ ಪರೀಕ್ಷೆ ಮಾಡುವುದನ್ನು ಮರೆತಿದ್ದೀಯ.

ಹಿತ್ತಿಲ ಬಾಳೆ ಬುಡದಲ್ಲಿ, ನೀನು ರಾತ್ರಿ ಎದ್ದೆದ್ದು ಹೋಗಿ ಒಂದಕ್ಕೆ ಕೂರುವ ಕಡೆ, ಇರುವೆ ಮುತ್ತಿವೆ. ಮಂಜಾದ ಈ ಕಣ್ಣಿಗೇ ಕಂಡದ್ದು. ಅಲ್ಲಿಗೆ ಹೋಗುವವನು ನೀನೊಬ್ಬನೇ. ನನ್ನ ಕಾಯಿಲೆಯೂ ಮೊದಲು ಗೊತ್ತಾಗಿದ್ದು ಹೀಗೇ.

ಆಸ್ಪತ್ರೆಗೆ ನಡೆದೇ ಹೋಗುತ್ತಿದ್ದೇನೆ. ನಿನ್ನ ಹೆಸರು ಬರೆಸಿ ಬೆಂಚಿನ ಮೇಲೆ ಕೂತಿರುತ್ತೇನೆ.

ಬರಿಹೊಟ್ಟೆಯಲ್ಲಿ ಬಾ.

ಅಮ್ಮ