ಎರಡೇ ಸೀಟಿನ ಗಾಡಿ

ಸೊಲ್ಲಾಪುರ, ವಿಜಾಪುರ ರಸ್ತೆ
ಬುಧವಾರ, ೧೨ ಮಾರ್ಚ್ ೧೯೭೫

ನನ್ನ ಶಾರದಾ,

ಅವ್ವನ ಆಶೀರ್ವಾದ ನಿನಗೂ ಕೂಸಿಗೂ. ನಿನ್ನ ಕೆಮ್ಮು ಈಗ ಹೇಗಿದೆ? ಅಡಿಕೆ ಹೋಳಿನಷ್ಟು ಒಣಶುಂಠಿ ಬೆಲ್ಲದ ಜೊತೆ ಬಾಯಲ್ಲಿಟ್ಟುಕೊಂಡು ಮಲಗು, ಔಷಧಿ ಅಂಗಡಿಯ ಸಿಹಿ ನೀರನ್ನು ನಂಬಬೇಡ. ಕೂಸಿಗೆ ಕೆಳಗಿನ ಹಲ್ಲು ಬಂದವೇ? ನಿಮ್ಮ ಅತ್ತೆಯವರ ಮೊಣಕಾಲು ನೋವು ಕಡಿಮೆಯಾಗಿರಬೇಕು. ಅಳಿಯಂದಿರು ಗದಗಿನಲ್ಲೇ ಉಳಿಯುತ್ತಾರೋ, ವರ್ಗ ಆಗುತ್ತದೋ, ಅದನ್ನೂ ತಿಳಿಸು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ. ಎಲ್ಲರೂ ಉಂಡು ಉಟ್ಟು ಓಡಾಡಿಕೊಂಡಿದ್ದೇವೆ. ಅಷ್ಟು ಮಾತ್ರ ಸುಳ್ಳಿಲ್ಲದೆ ಬರೆಯಬಲ್ಲೆ.

ಜನವರಿಯಲ್ಲಿ ನೀನು ಬರೆದ ಕಾಗದ ನನ್ನ ದಿಂಬಿನ ಕೆಳಗೇ ಇದೆ. ಅಪ್ಪ ಈ ವಯಸ್ಸಿನಲ್ಲಿ ತೆರೆದ ಮೋಟಾರು ಕೊಂಡು ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿರುಗುತ್ತಾರಂತೆ, ಇಲ್ಲಿ ನಮ್ಮ ಅತ್ತೆಮನೆಯವರೆಲ್ಲ ನಗುತ್ತಾರೆ, ಇದು ನಿಜವೇ ಎಂದು ಕೇಳಿದ್ದಿ. ಉತ್ತರ ಬರೆಯಲು ನಾಲ್ಕು ಸಲ ಕುಳಿತೆ, ನಾಲ್ಕು ಸಲವೂ ಹರಿದೆ. ನಾನು ಓದಿದ್ದು ವಾಗದರಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯ ತನಕ. ಅಕ್ಷರ ವಕ್ರವಾಗಿದ್ದರೆ ಸಾವಕಾಶ ಓದು. ಆದರೆ ಪೂರ್ತಿ ಓದು, ನಡುವೆ ಬಿಡಬೇಡ.

ಗಾಡಿ ಕೊಂಡಿದ್ದು ನಿಜ, ಹೋದ ದಸರೆಗೆ. ಗಿರಣಿಯಲ್ಲಿದ್ದ ಪಾರಸಿ ಇಂಜಿನಿಯರ ಸಾಹೇಬರು ನೌಕರಿ ಮುಗಿಸಿ ಮುಂಬೈಗೆ ಹೊರಟರಲ್ಲ, ಅವರದು. ಎಂ.ಜಿ. ಅಂತ ಅದರ ಹೆಸರು, ಇಂಗ್ಲೆಂಡಿನದು, ನೀನು ಹುಟ್ಟುವುದಕ್ಕಿಂತ ಮೊದಲಿನದು. ಹಸಿರು ಬಣ್ಣ, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ಮೇಲೆ ಮಡಚುವ ಕ್ಯಾನ್ವಾಸು, ಒಳಗೆ ಎರಡೇ ಎರಡು ಸೀಟು. ಮೂವತ್ತು ವರ್ಷ ಚಾಟಿ ಗಲ್ಲಿಯ ನೂಲಿನ ಅಂಗಡಿಗೆ ಸೈಕಲ್ ಮೇಲೆ ಹೋಗಿ ಬಂದ ಮನುಷ್ಯ ಅಂಥದನ್ನು ಅಂಗಳಕ್ಕೆ ತಂದು ನಿಲ್ಲಿಸಿದಾಗ ನಿಮ್ಮಣ್ಣ ರಾಚಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತರುವುದಿದ್ದರೆ ಮನೆಮಂದಿ ಎಲ್ಲ ಕೂಡುವಂಥ ಅಂಬಾಸಿಡರ್ ತರಬಹುದಿತ್ತು, ಇದರಲ್ಲಿ ಒಂದು ನೂಲಿನ ಗಂಟು ಕೂಡ ಹಿಡಿಸುವುದಿಲ್ಲ ಎಂದು ಅವನ ಸಿಟ್ಟು. ನಿಮ್ಮಪ್ಪ ಅರಿವೆ ತಂದು ಗಾಡಿಯ ಧೂಳು ಒರೆಸುತ್ತಿದ್ದರು.

ಮೊದಲ ಸಲ ಹತ್ತುವಾಗ ನಾನು ನಾಚಿಕೆಯಿಂದ ಸತ್ತೆ. ಬಾಗಿಲು ಮೊಣಕಾಲಿನಷ್ಟು ಎತ್ತರ. ಇಳಕಲ್ ಸೀರೆ ಸುತ್ತಿಕೊಂಡು ಒಳಗೆ ಇಳಿಯುವುದೆಂದರೆ ಬಾವಿಗೆ ಇಳಿದ ಹಾಗೆ. ಕುಳಿತರೆ ರಸ್ತೆಯ ಎಮ್ಮೆಯ ಮುಖ ನಮ್ಮ ಮುಖಕ್ಕೆ ಸಮ. ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡು ಕೂಡುತ್ತಿದ್ದೆ. ಮಳೆ ಬಂದರೆ ಒಳಗೇ ನೀರು, ಬಿಸಿಲಿದ್ದರೆ ಕಾಲ ಹತ್ತಿರ ಒಲೆ. ತಿಂಗಳಿಗೊಮ್ಮೆ ಮೇಸ್ತ್ರಿ ಮಲಕಾಜಪ್ಪ ಬಂದು ಅದರ ಹೊಟ್ಟೆ ಬಿಚ್ಚದಿದ್ದರೆ ನಡೆಯುತ್ತಿರಲಿಲ್ಲ. ಆದರೂ ಪ್ರತಿ ಸೋಮವಾರ ಅಕ್ಕಲಕೋಟೆಯ ಮೇಲೆ ಹಾಯ್ದು ನನ್ನ ತವರು ವಾಗದರಿಗೆ ಹೋಗಿ ಬರುವುದು ರೂಢಿಯಾಯಿತು. ಹಗುರ ಗಾಡಿ, ಕಡಲೆ ಹೊಲಗಳ ನಡುವೆ ನೆಲಕ್ಕೆ ಅಂಟಿಕೊಂಡಂತೆ ಓಡುತ್ತಿತ್ತು. ಯಾರ ಮುಂದೆ ಹೇಳಲಿ, ನನಗೆ ಅದು ಸೇರತೊಡಗಿತು. ಗಾಡಿಗಿಂತ ಹೆಚ್ಚಾಗಿ ಸೇರಿದ್ದು ನಿಮ್ಮಪ್ಪನ ಮಾತು. ಹೊರಟ ಕೂಡಲೇ ಹೇಳುತ್ತಿದ್ದರು, “ಏನೇನ ಕಾಣಸ್ತದ ಹೇಳ್ಕೋತ ನಡಿ, ಅಕ್ಕನಾಗೂ. ನೀ ಸುಮ್ಮ ಕುಂತ್ರ ನನಗ ಬ್ಯಾಸರ.” ಮದುವೆಯಾಗಿ ಮೂವತ್ತೈದು ವರ್ಷಗಳಲ್ಲಿ ಅವರು ನನ್ನ ಮಾತು ಬೇಕು ಎಂದು ಕೇಳಿದ್ದು ಅದೇ ಮೊದಲು. ನಾನು ಹೇಳುತ್ತಾ ಹೋಗುತ್ತಿದ್ದೆ. ಎಡಕ್ಕೆ ಕುರಿ ಹಿಂಡು ಬಂತು, ಬಲಕ್ಕೆ ಸೈಕಲ್ಲಿನವ ಇದ್ದಾನೆ, ಮುಂದೆ ಮೈಂದರ್ಗಿಯ ಬಸ್ಸು ನಿಂತಿದೆ. ಅವರು ಹೂಂ ಹೂಂ ಎನ್ನುತ್ತಿದ್ದರು. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುವುದನ್ನು, ಪಕ್ಕಕ್ಕಿಟ್ಟ ನೀರಿನ ತಂಬಿಗೆಯನ್ನು ಕೈತಾಕಿ ಉರುಳಿಸುವುದನ್ನು ನಾನು ನೋಡಿರಲಿಲ್ಲವೇ? ನೋಡಿದ್ದೆ. ವಯಸ್ಸು ಅಂದುಕೊಂಡೆ.

ಸಂಕ್ರಾಂತಿ ಮುಗಿದ ಮೇಲಿನ ಸೋಮವಾರ. ವಾಗದರಿಯಿಂದ ಹೊರಳಿ ಬರುತ್ತಿದ್ದೆವು, ಹೊತ್ತು ಮುಳುಗುವ ಸಮಯ, ಸೂರ್ಯ ನೇರ ಮುಖಕ್ಕೆ. ರಸ್ತೆಯ ಎರಡೂ ಬದಿ ಆಳೆತ್ತರದ ಜೋಳ, ತೆನೆ ತುಂಬಿ ನಿಂತಿತ್ತು. ಬಲಗಡೆಯ ಜೋಳದ ನಡುವಿನ ಬಂಡಿದಾರಿಯಿಂದ ಎರಡು ಎತ್ತಿನ ಕೊಂಬು ಹೊರಗೆ ಬಂದವು. ಬಲಕ್ಕ ಬಂಡಿ ಅಂದೆ. ಅವರು ಎಲ್ಲಿ ಅಂದರು. ವೇಗ ಕಡಿಮೆಯಾಗಲಿಲ್ಲ. ಬಂಡಿ ಅಷ್ಟರಲ್ಲಿ ರಸ್ತೆಗೆ ಬಂದಾಗಿತ್ತು, ಅದರಲ್ಲಿ ಒಬ್ಬ ಹೆಂಗಸು ತೊಡೆಯ ಮೇಲೆ ಕೂಸು ಮಲಗಿಸಿಕೊಂಡು ಕುಳಿತಿದ್ದಳು. ಸೀಟುಗಳ ನಡುವೆ ಹ್ಯಾಂಡ್‌ಬ್ರೇಕಿನ ಸಲಾಕೆ ಇರುತ್ತದೆ. ಅದನ್ನು ಎರಡೂ ಕೈಯಿಂದ ಜಗ್ಗಿದೆ. ಗಾಡಿಯ ಹಿಂಭಾಗ ತಿರುಗಿ, ರಸ್ತೆ ಬಿಟ್ಟು, ಎಡಗಡೆಯ ಜೋಳದೊಳಗೆ ಅರ್ಧ ಹೊಕ್ಕು ನಿಂತಿತು. ಇಂಜಿನ್ ಸತ್ತಿತು. ಧೂಳು ಇಳಿದಾಗ ನೋಡಿದರೆ ಬಂಡಿ ಅವರ ಬಲಭುಜದ ಹತ್ತಿರ, ಕೈ ಚಾಚಿದರೆ ಎತ್ತಿನ ಮೂಗು ತಾಕುವಷ್ಟು ಹತ್ತಿರ ನಿಂತಿತ್ತು. ನಿಮ್ಮಪ್ಪ ನೇರ ಮುಂದೆ ನೋಡುತ್ತಾ, ತೀರಾ ಸಾದಾ ದನಿಯಲ್ಲಿ ಕೇಳಿದರು, “ಯಾಕ ಜಗ್ಗಿದಿ? ನಾಯಿ ಅಡ್ಡ ಬಂತೇನು?”

ಶಾರದಾ, ಪಕ್ಕದಲ್ಲೇ ನಿಂತ ಬಂಡಿ ಅವರಿಗೆ ಕಂಡಿರಲಿಲ್ಲ. ಆ ಮಾತಿಗೆ ಹೆದರಿದಷ್ಟು ನಾನು ಬಂಡಿ ಅಡ್ಡ ಬಂದಾಗಲೂ ಹೆದರಿರಲಿಲ್ಲ.

ಎತ್ತು ಬೆದರಿದ್ದಕ್ಕೆ ಬಂಡಿಯಲ್ಲಿದ್ದ ಹೆಂಗಸು ಕೂಸನ್ನು ಎದೆಗೆ ಒತ್ತಿಕೊಂಡೇ ಕೆಳಗೆ ಬಿದ್ದಿದ್ದಳು. ಮೊಣಕೈ ಸುಲಿದು ರಕ್ತ ಸೋರುತ್ತಿತ್ತು. ಕೂಸಿಗೆ ಏನೂ ಆಗಿರಲಿಲ್ಲ. ಅವಳು ಅತ್ತಾಗ ನಿಮ್ಮಪ್ಪ ಮುಖ ಪೂರ್ತಿ ಆ ಕಡೆ ತಿರುಗಿಸಿದರು, ಆಗ ಕಂಡಿತು ಅವರಿಗೆ. ಬಂಡಿಯವ ಬಾರುಕೋಲು ಎತ್ತಿಕೊಂಡೇ ಬಂದ. ಹತ್ತಿರ ಬಂದು ನನ್ನನ್ನು ಗುರುತು ಹಿಡಿದ. ನನ್ನ ತಮ್ಮ, ನಿನ್ನ ಬಂಡೆಪ್ಪ ಮಾಮಾನ ಹೊಲದ ಆಚೆ ಇರುವ ಅಮೋಗಸಿದ್ಧ ಅವನು; ಬಿದ್ದವಳು ಅವನ ಹೆಂಡತಿ, ಕೂಸು ಅವರ ಮೊಮ್ಮಗು. ಕೋಲು ಇಳಿಸಿದ. ಬೈಯಲಿಲ್ಲ. ನಿಮ್ಮಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿ, “ಅವ್ವಾರ, ನಿಮ್ಮ ಯಜಮಾನ್ರಿಗೆ ಕಣ್ಣ ಕಾಣಂಗಿಲ್ಲೇನ್ರಿ?” ಎಂದ. ಅದೇ ಪ್ರಶ್ನೆಯನ್ನು ನಮ್ಮ ಮನೆಯ ಒಬ್ಬರಾದರೂ ಕೇಳಬೇಕಿತ್ತು. ನಾನು ಕೇಳಬೇಕಿತ್ತು.

ಹೊಲದಲ್ಲಿದ್ದ ಆರು ಮಂದಿ ಸೇರಿ ಗಾಡಿಯನ್ನು ಎತ್ತಿ ರಸ್ತೆಗಿಟ್ಟರು. ಆ ರಾತ್ರಿ ಬಂಡೆಪ್ಪನ ಮನೆಯಲ್ಲೇ ಉಳಿದೆವು. ಬೆಳಿಗ್ಗೆ ಅಮೋಗಸಿದ್ಧನ ಹೆಂಡತಿಯನ್ನು ಮಾತಾಡಿಸಿ, ಮೊಣಕೈಗೆ ಹಚ್ಚಿದ ಪಟ್ಟಿ ನೋಡಿ ಹೊರಳುವಾಗ ಹೊಲದ ಬದುವಿನ ಮೇಲೆ ನಿಮ್ಮಪ್ಪನನ್ನು ಕೂರಿಸಿದೆ, ಹೇಳುವ ತನಕ ಏಳಗೊಡಲಿಲ್ಲ. ಹೋದ ಮಳೆಗಾಲದಲ್ಲಿ ನೂಲಿನ ಕೆಲಸವಿದೆ ಎಂದು ಮಿರಜಿಗೆ ಹೋಗಿದ್ದರಲ್ಲ, ಅದು ಕಣ್ಣಿನ ಡಾಕ್ಟರ ಕಡೆಗೆ. ಕಾಚಬಿಂದು ಅಂದರಂತೆ. ಮೋತಿಬಿಂದು, ಅಂದರೆ ಕಣ್ಣಿನ ಪೊರೆಯಾದರೆ ತೆಗೆಯಬಹುದು, ಇದು ಹಾಗಲ್ಲ. ಎರಡೂ ಪಕ್ಕದಿಂದ ಬಾಗಿಲು ಮುಚ್ಚುತ್ತಾ ಬಂದಂತೆ ನೋಟ ಕಿರಿದಾಗುತ್ತದೆ, ನಡುವಿನದು ಕೊನೆಯ ತನಕ ಉಳಿಯುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಉಳಿದದ್ದು ಉಳಿಯಲೆಂದು ಹನಿ ಔಷಧಿ ಕೊಟ್ಟಿದ್ದಾರೆ. ಅದರ ಸೀಸೆಯನ್ನು ಅಂಗಡಿಯಲ್ಲಿಟ್ಟು, ಬಾಗಿಲು ಹಾಕಿಕೊಂಡು ತಾವೇ ಹಾಕಿಕೊಳ್ಳುತ್ತಿದ್ದರು. “ಮೂವತ್ತು ವರ್ಷ ಗಾದಿ ಮ್ಯಾಲ ಕುಂತು ಎದುರಿನ ಗ್ವಾಡಿ ನೋಡೀನಿ,” ಅಂದರು. “ಉಳದಿದ್ದರಾಗ ರಸ್ತೆ ನೋಡೂಣು ಅನಸ್ತು.”

ನನಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ಆ ಕೂಸಿನ ತಲೆ ಚಕ್ರದ ಕೆಳಗೆ ಸಿಕ್ಕಿದ್ದರೆ ಯಾರ ರಸ್ತೆ, ಯಾರ ನೋಟ? ಹಾಗೆಯೇ ಅಂದೆ. ಆಮೇಲೆ ನನ್ನ ಹೊಟ್ಟೆಯಲ್ಲಿದ್ದ ಇನ್ನೊಂದು ಮಾತೂ ಹೊರಬಂತು. “ಹೇಳ್ಕೋತ ನಡಿ ಅಂದಿದ್ದು ನನ್ನ ಕಣ್ಣ ಬೇಕಾಗಿತ್ತಂತ. ನಾ ಹುಚ್ಚಿ, ನನ್ನ ಮಾತ ಬೇಕಾಗ್ಯಾವಂತ ತಿಳಕೊಂಡೆ.” ಅವರು ಬದುವಿನ ಹುಲ್ಲು ಕಿತ್ತು ಕಿತ್ತು ಒಗೆದರು. ಕೊನೆಗೆ, “ಮೊದಲ ಕಣ್ಣ ಬೇಕಾಗಿತ್ತು,” ಅಂದರು. “ಆಮ್ಯಾಲ ಎರಡೂ.” ಇಷ್ಟನ್ನು ನಿನಗೆ ಬರೆಯಬೇಕೋ ಬಾರದೋ ಗೊತ್ತಿಲ್ಲ, ನೀನೂ ಈಗ ಸಂಸಾರಸ್ಥೆ.

ಬಂಡೆಪ್ಪನ ಟ್ರಾಕ್ಟರಿನವ ಗಾಡಿಯನ್ನು ಸೊಲ್ಲಾಪುರಕ್ಕೆ ತಂದು ಮುಟ್ಟಿಸಿದ. ನಾನು ಕೀಲಿಯನ್ನು ಜೋಳದ ಕಣಜದಲ್ಲಿ ಹುಗಿದೆ. ರಾಚಪ್ಪನಿಗೆ ಕಣ್ಣಿನ ಸಂಗತಿ ಹೇಳಿದೆ, ಅವನು ಅತ್ತ. ಗಾಡಿ ಮಾರಿಬಿಡೋಣ ಅಂದ. ನಿಮ್ಮಪ್ಪ ಮೂರು ದಿನ ಮಾಳಿಗೆ, ಕಪಾಟು, ನನ್ನ ಟ್ರಂಕು, ಎಲ್ಲ ಕೈಯಾಡಿಸಿ ಹುಡುಕುತ್ತಿದ್ದರು. ನಾನು ಎದುರಿಗೇ ಕುಳಿತು ಅಕ್ಕಿ ಆರಿಸುತ್ತಿದ್ದೆ. ನಾಲ್ಕನೆಯ ದಿನ ನಾನು ಸಿದ್ಧರಾಮನ ಗುಡಿಗೆ ಹೋಗಿ ಬರುವಷ್ಟರಲ್ಲಿ ಕಣಜದ ಮುಚ್ಚಳ ತೆರೆದಿತ್ತು, ಅಂಗಳ ಖಾಲಿ.

ಗೇಟು ಹಿಡಿದು ನಿಂತೆ. ವಿಜಾಪುರ ರಸ್ತೆಯ ಮೇಲೆ ಬೆಳಗಿನ ಬಸ್ಸು, ಲಾರಿ, ಸಾಲೆಗೆ ಹೋಗುವ ಮಕ್ಕಳ ಸಾಲು. ಪ್ರತಿಯೊಂದು ಹಾರ್ನ್ ಕೇಳಿದಾಗಲೂ ರಸ್ತೆಗೆ ಬಗ್ಗಿ ನೋಡುತ್ತಿದ್ದೆ. ಅವರಿಗೆ ಏನಾದರೂ ಆಗಬಹುದು ಎಂಬುದಕ್ಕಿಂತ ಅವರಿಂದ ಏನಾಗಬಹುದು ಎಂದೇ ಹೆದರುತ್ತಿದ್ದೆ. ಕೀಲಿಯನ್ನು ಬಾವಿಗೆ ಹಾಕದೆ ಕಣಜದಲ್ಲಿ ಯಾಕಿಟ್ಟೆ ಎಂದು ನನ್ನನ್ನೇ ಬೈದುಕೊಂಡೆ. ಒಂದು ತಾಸಾದ ಮೇಲೆ ಬಂದರು, ನಡೆದುಕೊಂಡು. ಧೋತರದ ತುಂಬ ಧೂಳು. ಸಾತ್ ರಸ್ತಾದಲ್ಲಿ ಏಳೂ ಕಡೆಯಿಂದ ಗಾಡಿಗಳು ಬಂದಾಗ ನಡುವೆ ನಿಂತುಬಿಟ್ಟರಂತೆ. ಎಲ್ಲ ಕಡೆ ಹಾರ್ನ್, ಯಾವುದೂ ಕಾಣುತ್ತಿಲ್ಲ. ಒಬ್ಬ ಟಾಂಗಾದವ ಇಳಿದು ಬಂದು ಗಾಡಿಯನ್ನು ಬದಿಗೆ ತಳ್ಳಿ, ಇವರ ಕೈಹಿಡಿದು ರಸ್ತೆ ದಾಟಿಸಿದನಂತೆ. ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, “ಇನ್ನ ನಾ ಮುಟ್ಟಂಗಿಲ್ಲ,” ಅಂದರು.

ಆಗ ಮಾರಬಹುದಿತ್ತು. ಗಾಡಿಯನ್ನು ಮನೆಗೆ ತಂದುಬಿಟ್ಟ ಮಲಕಾಜಪ್ಪ ಗಿರಾಕಿಯನ್ನೂ ತಂದಿದ್ದ. ಆದರೆ ಊಟಕ್ಕೆ ಕುಳಿತಾಗ ನಿಮ್ಮಪ್ಪ ಬಟ್ಟಲು ಎಲ್ಲಿದೆ ಎಂದು ತಡಕಾಡುವುದನ್ನು, ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂಡುವುದನ್ನು ಎಂಟು ದಿನ ನೋಡಿದೆ. ಒಂಬತ್ತನೆಯ ದಿನ ನನಗೆ ಕಲಿಸಿರಿ ಅಂದೆ. ನಗಲಿಲ್ಲ ಅವರು. ಮನೆಯ ಹಿಂದಿನ ಖಾಲಿ ಪ್ಲಾಟುಗಳಲ್ಲಿ ಮಲಕಾಜಪ್ಪ ಕಲ್ಲಿಟ್ಟು ದಾರಿ ಮಾಡಿಕೊಟ್ಟ. ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು ಐವತ್ತೆರಡನೆಯ ವಯಸ್ಸಿನಲ್ಲಿ ಕ್ಲಚ್ ಒತ್ತಿದೆ. ಮೊದಲ ವಾರ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ನಿಮ್ಮಪ್ಪ ಎಡಗಡೆ ಕುಳಿತು ಕಿವಿಯಿಂದಲೇ ಕಲಿಸಿದರು, ಇಂಜಿನ್ನಿನ ದನಿ ಕೇಳಿ ಈಗ ಗೇರ್ ಬದಲಿಸು ಎನ್ನುತ್ತಿದ್ದರು. ರಾಚಪ್ಪ ಪೇಟೆಯಲ್ಲಿ ತಲೆ ಎತ್ತಲಾಗದು ಎಂದು ಕೂಗಾಡಿದ. ಕೂಗಾಡಲಿ. ಹೋದ ತಿಂಗಳು ಲೈಸೆನ್ಸಿಗೆ ಹೋದಾಗ ಸಾಹೇಬ ನನ್ನನ್ನೂ ಗಾಡಿಯನ್ನೂ ಎರಡೆರಡು ಸಲ ನೋಡಿ, “ಆಜೀ, ಗಾಡೀ ಕೋಣ ಚಾಲವಣಾರ?” ಎಂದು ಕೇಳಿದ, ಯಾರು ನಡೆಸುವವರು ಅಂತ. “ಮೀಚ,” ಅಂದೆ, ನಾನೇ. ಪಾಸಾದೆ, ಒಂದು ಕಂಬ ಸ್ವಲ್ಪದರಲ್ಲಿ ಉಳಿಯಿತು.

ಈಗ ಸೋಮವಾರ ಸೋಮವಾರ ನಾನೇ ನಡೆಸುತ್ತೇನೆ, ಬಸ್ಸು ಎದುರು ಬಂದರೆ ಬದಿಗೆ ನಿಲ್ಲಿಸಿ ಅದು ಹೋದ ಮೇಲೆ ಹೊರಡುತ್ತೇನೆ. ಅಮೋಗಸಿದ್ಧನ ಮನೆ ಮುಂದೆ ಇಳಿದು ಮಜ್ಜಿಗೆ ಕುಡಿದು ಬರುತ್ತೇವೆ. ಅವನ ಹೆಂಡತಿ ಇನ್ನೂ ಗಾಡಿಯ ದನಿ ಕೇಳಿದರೆ ಮೊಮ್ಮಗುವನ್ನು ಒಳಗೆ ಎತ್ತಿಕೊಂಡು ಹೋಗುತ್ತಾಳೆ. ಅದು ತಪ್ಪಲ್ಲ. ನಿಮ್ಮಪ್ಪ ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂಡುತ್ತಾರೆ.

ನಿಮ್ಮ ಮನೆಯವರು ನಗುವುದಾದರೆ ನಗಲಿ, ಅಳಿಯಂದಿರಿಗೆ ಮಾತ್ರ ಈ ಕಾಗದ ಪೂರ್ತಿ ಓದಿ ಹೇಳು. ಅತ್ತೆಯವರಿಗೆ ನನ್ನ ಶರಣಾರ್ಥಿ. ಕೂಸಿನ ಕೆನ್ನೆಗೆ ನನ್ನದೂ ಅಜ್ಜನದೂ ಮುತ್ತು. ಸಿದ್ಧರಾಮ ನಿಮ್ಮೆಲ್ಲರನ್ನೂ ಬೆಳಕಿನಲ್ಲಿಟ್ಟಿರಲಿ.

ನಿನ್ನ ಅವ್ವ,
ಅಕ್ಕನಾಗಮ್ಮ

ತಾ.ಕ.: ಅಂಚೆಯವ ಬರುವ ಹೊತ್ತಾಯಿತು, ನಿಮ್ಮಪ್ಪ ಪಡಸಾಲೆಯಲ್ಲಿದ್ದಾರೆ, ಅವರಿಗೆ ಹೇಳದೆ ಇಷ್ಟನ್ನು ಬರೆಯುತ್ತಿದ್ದೇನೆ. ಹೋದ ವಾರ ಅವರನ್ನು ಮತ್ತೆ ಮಿರಜಿಗೆ ಕರೆದುಕೊಂಡು ಹೋಗಿದ್ದೆವು. ಈ ರೋಗ ತಂದೆಯಿಂದ ಮಕ್ಕಳಿಗೆ ಬರಬಹುದು ಎಂದು ಡಾಕ್ಟರು ಹೇಳಿದರು. ಅಲ್ಲೇ ರಾಚಪ್ಪನ ಕಣ್ಣು ನೋಡಿದರು. ಅವನ ಎಡಗಣ್ಣಿನಲ್ಲಿ ಶುರುವಾಗಿದೆ. ಅವನಿಗೆ ನೋವಿಲ್ಲ, ಮಂಜಿಲ್ಲ, ಏನೂ ಗೊತ್ತೇ ಇರಲಿಲ್ಲ. ಬೇಗ ಸಿಕ್ಕಿದ್ದಕ್ಕೆ ಹನಿ ಹಾಕಿ ಉಳಿಸಬಹುದಂತೆ. ನಿನಗೆ ಬರೆಯಿರಿ ಎಂದರೆ ನಿಮ್ಮಪ್ಪ, ನನ್ನ ಕೈಲಿ ಆಗದು, ನಾನೇ ಕೊಟ್ಟಿದ್ದನ್ನು ಹ್ಯಾಗ ಹೇಳಲಿ ಅಂದರು. ನಿನಗೂ ಈಗ ಏನೂ ತೊಂದರೆ ಅನಿಸುತ್ತಿರಲಿಕ್ಕಿಲ್ಲ, ನನಗೆ ಗೊತ್ತು, ಮೊದಲಿಗೆ ಯಾರಿಗೂ ಅನಿಸುವುದಿಲ್ಲ. ಅಳಿಯಂದಿರಿಗೆ ಬಿಡುವಾಗಲಿ ಎಂದು ಕಾಯಬೇಡ. ಯುಗಾದಿಯ ಒಳಗೆ ಕಣ್ಣು ತೋರಿಸಿ ಬರೆ.